ರೀಸೈಕಲ್ ಬಿನ್ ಕೈಗೆಟುಕುವಂತೆ

ಪ್ರಶ್ನೆ: ವಿಂಡೋಸ್ 11ರಲ್ಲಿ ಅಳಿಸಿದ ಫೈಲ್ ನೋಡಲು ಪ್ರತಿ ಸಲ ಎಲ್ಲ ಕಿಟಕಿಗಳನ್ನೂ ಇಳಿಸಿ ಡೆಸ್ಕ್‌ಟಾಪ್‌ಗೆ ಹೋಗಬೇಕು. ಫೈಲ್ ಎಕ್ಸ್‌ಪ್ಲೋರರ್‌ನಲ್ಲೇ ರೀಸೈಕಲ್ ಬಿನ್ ಸಿಗುವಂತೆ ಮಾಡಬಹುದೇ?

ಉತ್ತರ: ಖಂಡಿತ. ವಿಂಡೋಸ್ ಕೀ ಜೊತೆ ಇ ಒತ್ತಿ ಎಕ್ಸ್‌ಪ್ಲೋರರ್ ತೆರೆಯಿರಿ. ಎಡಗಡೆಯ ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ 'ಶೋ ಆಲ್ ಫೋಲ್ಡರ್ಸ್' ಆರಿಸಿ. ರೀಸೈಕಲ್ ಬಿನ್ ಆ ಪಟ್ಟಿಯಲ್ಲೇ ಬಂದು ಕೂರುತ್ತದೆ. ಕಂಟ್ರೋಲ್ ಪ್ಯಾನೆಲ್ ಮುಂತಾದವೂ ಜೊತೆಗೆ ಬಂದು ಪಟ್ಟಿ ಉದ್ದವಾಗುತ್ತದೆ. ಅದು ಬೇಡವಾದರೆ ವಿಳಾಸದ ಪಟ್ಟಿಯಲ್ಲಿ 'ಶೆಲ್' ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ 'ರೀಸೈಕಲ್‌ಬಿನ್‌ಫೋಲ್ಡರ್' ಸೇರಿಸಿ (shell:RecycleBinFolder) ಎಂಟರ್ ಒತ್ತಿ. ನೇರ ಅಲ್ಲಿಗೇ ಹೋಗುತ್ತೀರಿ.

ಒಳಗೆ 'ಡೇಟ್ ಡಿಲೀಟೆಡ್' ಪ್ರಕಾರ ಜೋಡಿಸಿಕೊಳ್ಳಿ, ಈಗಷ್ಟೇ ಅಳಿಸಿದ್ದು ಮೇಲೆಯೇ ಸಿಗುತ್ತದೆ. ಬಲ ಕ್ಲಿಕ್ ಮಾಡಿ 'ರಿಸ್ಟೋರ್' ಎಂದರೆ ಫೈಲ್ ಮೊದಲಿದ್ದ ಫೋಲ್ಡರ್‌ಗೇ ಮರಳುತ್ತದೆ.

ಹುಡುಕಿದ್ದು ಅಲ್ಲಿಲ್ಲವೇ? ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದು, ಪೆನ್ ಡ್ರೈವ್‌ನಿಂದ ಅಳಿಸಿದ್ದು ಬಿನ್‌ಗೆ ಬರುವುದೇ ಇಲ್ಲ. ಬಿನ್ ತುಂಬಿದರೆ ಹಳೆಯವು ತಾವಾಗಿಯೇ ಹೋಗುತ್ತವೆ. ದೊಡ್ಡ ವಿಡಿಯೊಗಳೊಂದಿಗೆ ಕೆಲಸ ಮಾಡುವವರು ಬಿನ್‌ನ ಪ್ರಾಪರ್ಟೀಸ್‌ಗೆ ಹೋಗಿ, ಪ್ರತಿ ಡ್ರೈವ್‌ಗೂ 'ಕಸ್ಟಮ್ ಸೈಜ್' ಹೆಚ್ಚಿಸಿಕೊಳ್ಳಲೇಬೇಕು. ಅಲ್ಲಿ ಅಳತೆ ಎಂಬಿಯಲ್ಲಿದೆ: 20 ಜಿಬಿ ಬೇಕಿದ್ದರೆ 20480 ಎಂದು ತುಂಬಿ.