ಅಳಿವೆಗೆ ಹೋಗುವ ನೀರು ವ್ಯರ್ಥವೇ?

ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳಾಗಿರುವುದರಿಂದ ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಗಜನಿ, ಕಾಂಡ್ಲಾ, ಬಳಚು ಇವುಗಳನ್ನು ಕರಾವಳಿಯ ಓದುಗರಿಗೆ ಪರಿಚಯಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಉಳಿದವರಿಗಾಗಿ: ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಜಾಗ, ಗಜನಿ ಅಲ್ಲಿನ ಉಪ್ಪುನೀರು ನುಗ್ಗುವ ಗದ್ದೆ, ಕಾಂಡ್ಲಾ ಮ್ಯಾಂಗ್ರೋವ್ ಗಿಡ, ಬಳಚು ಕೆಸರಿನಲ್ಲಿ ಬದುಕುವ, ತಿನ್ನುವ ಚಿಪ್ಪುಜೀವಿ.

ಪ್ರಶ್ನೆ: ಉತ್ತರ ಕನ್ನಡದ ಅಘನಾಶಿನಿ ಹೊಳೆಯ ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ. ಅದನ್ನು ಮೇಲೆಯೇ ತಡೆದು ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ಕೊಟ್ಟರೆ ನಷ್ಟವೇನು? ಸಮುದ್ರ ಏರಿ ಹೇಗೂ ಉಪ್ಪುನೀರು ಒಳಗೆ ಬರುತ್ತಿದೆಯಲ್ಲ?

ಉತ್ತರ: ‘ವ್ಯರ್ಥ’ ಎನ್ನುವವರು ಕುಮಟಾ ಭಾಗದ ಬಳಚು ಹೆಕ್ಕುವವರನ್ನೂ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರನ್ನೂ ಒಮ್ಮೆ ಕೇಳಿ ನೋಡಬೇಕು. ಮುಂಗಾರಿನ ಹೊಳೆನೀರು ಗಜನಿಯ ಉಪ್ಪನ್ನು ತೊಳೆದ ಮೇಲೆಯೇ ಕಗ್ಗದ ಬೀಜ ಮೊಳೆಯುತ್ತದೆ. ಕೊಯ್ಲಾದ ಬಳಿಕ ಉಬ್ಬರದ ನೀರನ್ನು ಒಳಗೆ ಬಿಟ್ಟಾಗ ಅದೇ ಗದ್ದೆ ಮೀನು, ಸಿಗಡಿಗಳ ತಾಣವಾಗುತ್ತದೆ. ಮಳೆಗಾಲದಲ್ಲಿ ಸಿಹಿಯಾಗುವ, ಬೇಸಿಗೆಯಲ್ಲಿ ಉಪ್ಪಾಗುವ ಈ ಏರಿಳಿತವೇ ಅಳಿವೆಯ ಜೀವ. ಆದ್ದರಿಂದ ವರ್ಷಕ್ಕೆ ಎಷ್ಟು ನೀರು ಬಂತು ಎಂಬುದಷ್ಟೇ ಅಲ್ಲ, ಯಾವ ತಿಂಗಳಲ್ಲಿ ಬಂತು ಎಂಬುದೂ ಮುಖ್ಯ.

ನೆರೆಯ ಶರಾವತಿಯನ್ನು ನೋಡಿ. ಅಲ್ಲಿ ವಿದ್ಯುತ್ ಸ್ಥಾವರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದುಬರುವುದರಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಬಳಚು ಕ್ಷೀಣಿಸಿತು. ಅದು ಕೃಷಿಗಾಗಿ ಕಟ್ಟಿದ ಅಣೆಕಟ್ಟಲ್ಲವೆಂದು ವಾದಿಸುವವರಿದ್ದಾರೆ. ಆದರೆ ನೀರು ಯಾವ ಉದ್ದೇಶಕ್ಕೆ ಹೊತ್ತು ತಪ್ಪಿತೆಂದು ಬಳಚು ವಿಚಾರಿಸುವುದಿಲ್ಲ. ತೋಟದ ಬೇಡಿಕೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಫೆಬ್ರವರಿಯಿಂದ ಮೇವರೆಗೆ, ಹೊಳೆ ತೀರಾ ಸೊರಗಿರುವಾಗಲೇ, ಶಿರಸಿ, ಸಿದ್ದಾಪುರದ ಹಳ್ಳಗಳಿಂದಲೂ ಕೊಳವೆಬಾವಿಗಳಿಂದಲೂ ನೀರೆತ್ತಿದರೆ ಉಪ್ಪುನೀರು ಹೊಳೆಯಲ್ಲಿ ಇನ್ನಷ್ಟು ಮೇಲೇರುತ್ತದೆ.

‘ಸಮುದ್ರ ಹೇಗೂ ಏರುತ್ತಿದೆ’ ಎಂಬ ವಾದವಂತೂ ನನಗೆ ಸಿಟ್ಟು ಬರಿಸುತ್ತದೆ. 1901ರಿಂದ 2018ರ ನಡುವೆ ಜಾಗತಿಕ ಸಮುದ್ರಮಟ್ಟ ಸುಮಾರು 20 ಸೆಂ.ಮೀ. ಏರಿದೆ, ಈಚಿನ ವೇಗ ಇನ್ನೂ ಹೆಚ್ಚು. ಜೌಗುನೆಲವು ಇದಕ್ಕೆ ಸರಿಸಮನಾಗಿ ಎತ್ತರ ಪಡೆಯುವುದು ಮುಖ್ಯವಾಗಿ ಹೊಳೆ ಹೊತ್ತು ತರುವ ಹೂಳಿನಿಂದ. ಅಣೆಕಟ್ಟಿನ ಹಿಂದೆ ಮೊದಲು ತಂಗುವುದೂ ಅದೇ ಹೂಳು. ಅಂದರೆ ಸಮುದ್ರ ಏರುತ್ತಿರುವುದೇ ಹೊಳೆಯನ್ನು ತಡೆಯದಿರಲು ಕಾರಣವಾಗಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ತೋಟದವರಿಗೆ ನನ್ನ ಸಲಹೆ ಇಷ್ಟೆ: ಇರುವ ತೋಟಕ್ಕೆ ಹನಿ ನೀರಾವರಿ ಮಾಡಿ, ಮುಚ್ಚಿಗೆ ಹಾಕಿ, ಬೇಸಿಗೆಯ ಹಳ್ಳವನ್ನು ನಂಬಿ ಹೊಸ ತೋಟ ಎಬ್ಬಿಸಬೇಡಿ.

ಪ್ರಶ್ನೆ: ಗಜನಿಗೆ ಜಿಪ್ಸಂ ಹಾಕಿದರೆ ಉಪ್ಪು ಹೋಗುವುದೇ?

ಉತ್ತರ: ಇಲ್ಲ. ಅದು ಕ್ಷಾರ ಮಣ್ಣಿಗೆ ಮದ್ದು. ಉಬ್ಬರ ತಂದ ಉಪ್ಪನ್ನು ತೊಳೆಯುವುದು ಮಳೆ.

ಪ್ರಶ್ನೆ: ಪೈಪಿಗೆ ಆಯಸ್ಕಾಂತ ಕಟ್ಟಿದರೆ ಬಾವಿನೀರಿನ ಉಪ್ಪು ಕಡಿಮೆಯಾಗುತ್ತದೆಯಂತೆ?

ಉತ್ತರ: ನಿಮ್ಮ ಹಣ ಕಡಿಮೆಯಾಗುತ್ತದೆ.

ಪ್ರಶ್ನೆ: ಕೆಸರುದಿಬ್ಬಗಳ ಮೇಲೆಲ್ಲ ಕಾಂಡ್ಲಾ ನೆಡಬಹುದೇ?

ಉತ್ತರ: ಬಳಚು ಇರುವಲ್ಲಿ ಖಂಡಿತ ಬೇಡ.

ಪ್ರಶ್ನೆ: ಕಡಲಂಚಿನ ತೋಟದಲ್ಲಿ ಕೊಳವೆಬಾವಿಯನ್ನು ಇನ್ನಷ್ಟು ಆಳ ಕೊರೆಸಿದರೆ ಸಿಹಿನೀರು ಸಿಗಬಹುದೇ?

ಉತ್ತರ: ಮರಳುನೆಲದಲ್ಲಿ ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್‌ವರೆಗೆ ಉಪ್ಪುನೀರನ್ನು ತಡೆದಿರುತ್ತದೆ ಎಂಬುದು ಸ್ಥೂಲ ಲೆಕ್ಕ. ಪಂಪು ನಡೆಸಿ ಆ ಒಂದು ಮೀಟರ್ ಕಳೆದುಕೊಂಡವರು ಆಳಕ್ಕೆ ಇಳಿದಷ್ಟೂ ಉಪ್ಪಿಗೇ ಹತ್ತಿರವಾಗುತ್ತಾರೆ. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರ ಮಾತು ಕೇಳದೆ, ಮೇ ತಿಂಗಳಲ್ಲಿ ಉಪ್ಪಿನಂಶವನ್ನು ತೋರಿಸುವ ನೀರಿನ ವಿದ್ಯುತ್ ವಾಹಕತೆಯನ್ನು ಪರೀಕ್ಷಿಸಿ. ಹಿಂದಿನ ವರ್ಷಕ್ಕಿಂತ ಅದು ಏರಿದ್ದರೆ ಗಿಡ ಬಾಡುವವರೆಗೆ ಕಾಯದೆ ಪಂಪಿನ ಅವಧಿಯನ್ನು ಕಡಿಮೆ ಮಾಡಿ.