ಗ್ರೂಪಿನಲ್ಲಿ ಕೇಳಿದರೆ ಬರಲ್ಲ, ಗೇಟಿಗೆ ಹೋಗಿ ಕೇಳಿ
ಮಕ್ಕಳ ಖೋ ಖೋ ಶಿಬಿರಕ್ಕೆ ಬಡಾವಣೆಯ ಹಿರಿಯರು ಯಾಕೆ ಕೈಜೋಡಿಸಲ್ಲ ಅಂತ ಕೇಳಿದ್ದೀರಿ. ವಾಟ್ಸಾಪ್ ಗ್ರೂಪಿನಲ್ಲಿ 'ಆಸಕ್ತರು ಬನ್ನಿ' ಅಂತ ಹಾಕಿದರೆ ಯಾರೂ ಬರಲ್ಲ ಸರ್, ನಾನೂ ಬಂದಿರಲಿಲ್ಲ. ನಿವೃತ್ತನಾಗಿ ಎರಡು ವರ್ಷ ಸುಮ್ನೆ ವಾಕಿಂಗ್ ಮಾಡಿಕೊಂಡಿದ್ದೆ. ಒಂದು ಸಂಜೆ ಪಕ್ಕದ ಬೀದಿಯ ಹುಡುಗ ಗೇಟಿನ ಹತ್ತಿರ ನಿಂತು, 'ಅಂಕಲ್, ಶನಿವಾರ ಬೆಳಿಗ್ಗೆ ಸ್ಟಾಪ್‌ವಾಚ್ ಹಿಡೀತೀರಾ, ಒಂದೇ ಗಂಟೆ' ಅಂದ. ಅಷ್ಟೇ, ಹೋದೆ.

ನಮ್ಮ ವಯಸ್ಸಿನವರಿಗೆ ಮಂಡಿಯದೇ ಭಯ, ಓಡಿಸಿಬಿಡ್ತಾರೇನೋ ಅಂತ. ಕೆಲಸ ಯಾವುದು, ಎಷ್ಟು ಹೊತ್ತು ಅಂತ ಮೊದಲೇ ಹೇಳಿಬಿಡಿ. ಲಂಡನ್ನಿನ ಬುಶಿ ಪಾರ್ಕಿನಲ್ಲಿ 2004ರಲ್ಲಿ 13 ಜನರಿಂದ ಶುರುವಾದ ಪಾರ್ಕ್‌ರನ್, ಅಂದ್ರೆ ವಾರವಾರ ಪಾರ್ಕಿನಲ್ಲಿ ಎಲ್ಲರೂ ಸೇರಿ ಓಡೋದು, ಗೊತ್ತಲ್ವಾ? ಅದನ್ನು ಶುರು ಮಾಡಿದ ಪಾಲ್ ಸಿಂಟನ್ ಹೆವಿಟ್‌ಗೇ ಆಗ ಗಾಯವಾಗಿ ಓಡೋಕೆ ಆಗ್ತಿರಲಿಲ್ಲ. ಈಗಲೂ ಅಲ್ಲಿ ಸಮಯ ಬರೆಯೋದು, ದಾರಿ ತೋರಿಸೋದು, ಎಲ್ಲರಿಗಿಂತ ಹಿಂದೆ ನಡೆದು ಬರೋದು, ಎಲ್ಲಾ ಸ್ವಯಂಸೇವಕರದೇ ಕೆಲಸ.

ಆರೋಗ್ಯಕ್ಕೆ ಒಳ್ಳೇದು ಅನ್ನೋ ಭಾಷಣ ಬೇಡ, ಡಾಕ್ಟರ ಹತ್ತಿರ ಜಾಸ್ತಿನೇ ಕೇಳಿರ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಬೇರೆ. ಒಂದು ವಾರ ತಪ್ಪಿಸಿದರೆ 'ತಾತ ಯಾಕೆ ಬಂದಿಲ್ಲ' ಅಂತ ಮಕ್ಕಳು ಕೇಳ್ತಾರೆ, ಆಟ ಮುಗಿದ ಮೇಲೆ ಕಾಫಿಗೆ ಜೊತೆ ಸಿಗುತ್ತೆ. ಹಳೇ ಆಟಗಾರರು ಯಾರಾದರೂ ಇದ್ದರೆ ಪೋಲ್ ಡೈವ್ (ಕಂಬ ಹಿಡಿದು ಹಾರಿ ಓಡೋನನ್ನು ಮುಟ್ಟೋದು) ಹೇಳಿಕೊಡೋಕೆ ಅವರನ್ನೇ ಕರೀರಿ. ಮತ್ತೆ, ನೆರಳಲ್ಲಿ ಎರಡು ಕುರ್ಚಿ ಹಾಕಿಸಿ.