ಫ್ರಿಜ್ಜಿನ ಮೊಸರನ್ನ ತಿಂದಿದ್ದಕ್ಕೆ ಭ್ರೂಣ ನಿಲ್ಲಲಿಲ್ಲವೇ?

ಸುಮಾ ಅವರಿಗೆ 36, ಗಿರೀಶ್ ಅವರಿಗೆ 39. ಇಬ್ಬರೂ ಹಾಸನದ ಕಡೆಯವರು, ಸಿಂಗಾಪುರದಲ್ಲಿ ನೆಲೆಸಿದ್ದಾರೆ. ಹೆಸರು, ವಯಸ್ಸು, ಊರು ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಮದುವೆಯಾಗಿ ಏಳು ವರ್ಷ. ತಪಾಸಣೆಗಳೆಲ್ಲ ಆಗಿದ್ದವು, ಇಂಥದ್ದೇ ಕಾರಣ ಅಂತ ಸಿಕ್ಕಿರಲಿಲ್ಲ. ಒಂದು ಸಲ ಐವಿಎಫ್, ಅಂದರೆ ಅಂಡಾಣು ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ, ಮಾಡಿಸಿದ್ದರು. ಆ ಭ್ರೂಣವನ್ನು ಗರ್ಭಕೋಶದೊಳಗೆ ಬಿಡುವುದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ಮೊದಲ ಟ್ರಾನ್ಸ್‌ಫರ್‌ನಲ್ಲಿ ಭ್ರೂಣ ನಿಲ್ಲಲಿಲ್ಲ. ಫ್ರೀಜ್ ಮಾಡಿಟ್ಟ ಭ್ರೂಣಗಳು ಇನ್ನೂ ಎರಡಿದ್ದವು. ಎರಡನೇ ಟ್ರಾನ್ಸ್‌ಫರ್‌ಗೆ ತಯಾರಿ ನಡೆದಿದ್ದಾಗ ಸುಮಾ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದರು, ಒಬ್ಬರೇ.

ಏನು ತೊಂದರೆ ಅಂತ ಕೇಳಿದರೆ "ನಿದ್ದೆ ಬರ್ತಿಲ್ಲ ಮೇಡಂ" ಅಂದರು. ಮಾತು ಸ್ವಲ್ಪ ಮುಂದೆ ಹೋದ ಮೇಲೆ ಮೊಸರನ್ನದ ವಿಷಯ ಹೊರಗೆ ಬಂತು.

ಮೊದಲ ಟ್ರಾನ್ಸ್‌ಫರ್ ಆದ ಎರಡು ದಿನಕ್ಕೆ ಗೆಳತಿಯ ಮನೆಗೆ ಹೋಗಿದ್ದರಂತೆ. ಸೆಕೆ ಜಾಸ್ತಿ ಇತ್ತು. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮೊಸರನ್ನವನ್ನು ಉಪ್ಪಿನಕಾಯಿ ಜೊತೆ ಎರಡು ಸಲ ಬಡಿಸಿಕೊಂಡು ತಿಂದಿದ್ದರು. ಆಗ ಅದರ ಬಗ್ಗೆ ಏನೂ ಅನ್ನಿಸಿರಲಿಲ್ಲ. ಟ್ರಾನ್ಸ್‌ಫರ್ ಫೇಲಾದ ಮೇಲೆ ಆಫೀಸಿನ ಚೀನೀ ಗೆಳತಿಯೊಬ್ಬಳು ಅವರನ್ನು ಸಿನ್ಸೆ ಹತ್ತಿರ ಕರೆದುಕೊಂಡು ಹೋದಳು. ಸಿಂಗಾಪುರದಲ್ಲಿ ಚೀನೀ ಸಾಂಪ್ರದಾಯಿಕ ವೈದ್ಯರನ್ನು ಸಿನ್ಸೆ ಅಂತಲೇ ಕರೆಯುವುದು. ಅವರು ಎರಡೂ ಕೈಗಳ ನಾಡಿಯನ್ನು ಮೂರು ಬೆರಳಿಟ್ಟು ನೋಡಿದರು, ನಾಲಿಗೆ ಚಾಚಲು ಹೇಳಿದರು, ಮುಟ್ಟಿನ ಬಗ್ಗೆ ವಿವರವಾಗಿ ಕೇಳಿದರು. ಆಮೇಲೆ "ಕಿಡ್ನಿ ಶಕ್ತಿ ಕಮ್ಮಿ ಇದೆ, ಗರ್ಭಕೋಶ ತಣ್ಣಗಿದೆ" ಅಂದರು.

ಚೀನೀ ವೈದ್ಯದಲ್ಲಿ ಕಿಡ್ನಿ ಅಂದರೆ ಮೂತ್ರ ಸೋಸುವ ಅಂಗ ಮಾತ್ರವಲ್ಲ. ಹುಟ್ಟು, ಬೆಳವಣಿಗೆ, ಸಂತಾನ ಎಲ್ಲದರ ಸತ್ವ ಅಲ್ಲಿ ಕೂಡಿಟ್ಟಿರುತ್ತದೆ ಅನ್ನುವುದು ಅವರ ಲೆಕ್ಕ. ಹಾಗಾಗಿ ಚಿಕಿತ್ಸೆ ಅಂದರೆ ಬೆಚ್ಚಗೆ ಮಾಡುವುದು. ವಾರಕ್ಕೊಮ್ಮೆ ಅಕ್ಯುಪಂಕ್ಚರ್ ಸೂಜಿ, ಹೊಟ್ಟೆಯ ಮೇಲೆ ಒಣ ಸೊಪ್ಪಿನ ಬತ್ತಿ ಉರಿಸಿ ಶಾಖ, ದಿನಕ್ಕೆ ಎರಡು ಪೊಟ್ಟಣ ಕಪ್ಪು ಕಷಾಯ. ಬಿಸಿನೀರು, ಶುಂಠಿ, ಕರಿ ಎಳ್ಳು ಬೇಕು. ಫ್ರಿಜ್ಜಿನ ನೀರು, ಕಲ್ಲಂಗಡಿ ಬೇಡ. ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆಯುವುದೂ ಬೇಡ.

ಆ ಪಟ್ಟಿ ಕೇಳಿಸಿಕೊಂಡ ಕ್ಷಣದಲ್ಲೇ ಸುಮಾಗೆ ಮೊಸರನ್ನ ನೆನಪಾಯಿತು. "ನಾನೇ ಕಳ್ಕೊಂಡೆ ಮೇಡಂ. ಆವತ್ತು ಬಾಯಿ ಕಟ್ಟಿದ್ದಿದ್ರೆ ಈಗ ಮಗು ಇರ್ತಿತ್ತು." ಸಿನ್ಸೆ ಹಾಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಇವರೇ ಕೂಡಿಸಿಕೊಂಡು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು.

ಇದರ ಜೊತೆಗೆ ಇನ್ನೊಂದು ಎಳೆದಾಟ. ಪ್ರತಿ ಭಾನುವಾರ ಅತ್ತೆ ಊರಿಂದ ವಿಡಿಯೊ ಕಾಲ್ ಮಾಡುತ್ತಾರೆ. ಎಳ್ಳು ಮುಟ್ಟಬೇಡ, ಉಷ್ಣ, ಗರ್ಭ ನಿಲ್ಲಲ್ಲ ಅನ್ನುವುದು ಅವರ ಮಾತು. ಸಿನ್ಸೆ ದಿನಾ ಒಂದು ಚಮಚ ಎಳ್ಳು ತಿನ್ನು ಅಂದಿದ್ದಾರೆ. ಒಬ್ಬರಿಗೆ ಮೈ ಕಾದಿದೆ ಅನ್ನುವ ಭಯ, ಇನ್ನೊಬ್ಬರಿಗೆ ತಣ್ಣಗಾಗಿದೆ ಅನ್ನುವ ಚಿಂತೆ. ಸುಮಾ ಕರಿ ಎಳ್ಳನ್ನು ಜೀರಿಗೆ ಅಂತ ಚೀಟಿ ಅಂಟಿಸಿದ ಡಬ್ಬದಲ್ಲಿ ಹಾಕಿಟ್ಟಿದ್ದರು, ಅತ್ತೆಗೆ ಫೋನಿನಲ್ಲಿ ಅಡುಗೆಮನೆ ಕಂಡರೂ ಗೊತ್ತಾಗದಿರಲಿ ಅಂತ.

ಬಚ್ಚಿಟ್ಟಿದ್ದು ಅಷ್ಟೇ ಅಲ್ಲ. ಕಷಾಯದ ವಿಷಯ ಐವಿಎಫ್ ಡಾಕ್ಟರಿಗೂ ಹೇಳಿರಲಿಲ್ಲ. "ಬೈತಾರೆ ಅಂತ ಭಯ." ಅದೇ ಡಾಕ್ಟರು ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರು. ಅದನ್ನು ಸಿನ್ಸೆಗೂ ಹೇಳಿರಲಿಲ್ಲ.

ಬೇರೆ ಎಲ್ಲ ಮಾತೂ ಕಾಯಬಹುದಿತ್ತು, ಇದು ಕಾಯುವಂತಿರಲಿಲ್ಲ. ಯಾವ ಔಷಧಿ ತೆಗೆದುಕೊಳ್ಳಬೇಕು, ಬಿಡಬೇಕು ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ಒಂದು ದೇಹಕ್ಕೆ ಇಬ್ಬರು ಔಷಧಿ ಕೊಡುತ್ತಿದ್ದಾರೆ, ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ ಅಂದಾಗ ಸುಮ್ಮನಿರಲು ಆಗಲ್ಲ. ಕಷಾಯದಲ್ಲಿ ಏನೇನಿದೆ ಅಂತ ಸಿನ್ಸೆ ಹತ್ತಿರ ಬರೆಸಿಕೊಂಡು ಬನ್ನಿ, ಅದನ್ನು ಡಾಕ್ಟರಿಗೆ ತೋರಿಸಿ, ಡಾಕ್ಟರ ಚೀಟಿಯನ್ನು ಸಿನ್ಸೆಗೆ ತೋರಿಸಿ ಅಂದೆ. ಹೇಗೆ ಶುರು ಮಾಡುವುದು ಅಂತಲೇ ಅವರಿಗೆ ಕಷ್ಟ. ನನ್ನ ಎದುರೇ ಕೂತು ಒಂದು ವಾಕ್ಯ ಅಭ್ಯಾಸ ಮಾಡಿದೆವು: "ಡಾಕ್ಟರ್, ನಾನು ಚೀನೀ ಔಷಧಿ ತಗೊಳ್ತಿದ್ದೀನಿ, ಮೊದಲೇ ಹೇಳಲಿಲ್ಲ, ಈ ಪಟ್ಟಿ ನೋಡ್ತೀರಾ?"

ಪಟ್ಟಿಯಲ್ಲಿ ಡಾಂಗ್ ಗುಯ್ ಅನ್ನುವ ಬೇರು ಇತ್ತು. ಹೆಂಗಸರ ತೊಂದರೆಗಳಿಗೆ ಚೀನೀ ವೈದ್ಯದಲ್ಲಿ ತುಂಬ ಬಳಸುವ ಬೇರು ಅದು. ರಕ್ತ ತೆಳುವಾಗಿಸುವ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವ ಜಾಸ್ತಿಯಾಗಬಹುದು ಎಂಬ ಎಚ್ಚರಿಕೆ ಅದರ ಮೇಲಿದೆ. ಡಾಕ್ಟರು ಬೈಯಲಿಲ್ಲ. ಕಷಾಯ ನಿಲ್ಲಿಸಿ, ಸೂಜಿ ಬೇಕಾದರೆ ಮುಂದುವರಿಸಿ ಅಂದರು. ಸಿನ್ಸೆ ಕೂಡ ಆಸ್ಪಿರಿನ್ ವಿಷಯ ಕೇಳಿದ ತಕ್ಷಣ "ಮೊದಲೇ ಹೇಳಬೇಕಿತ್ತು, ಹೇಳಿದ್ದರೆ ಇದನ್ನು ಕೊಡುತ್ತಿರಲಿಲ್ಲ" ಅಂದರಂತೆ. ಇಬ್ಬರೂ ಒಳ್ಳೆಯವರೇ. ನಡುವೆ ಮಾತು ಮಾತ್ರ ಇರಲಿಲ್ಲ.

ಗಿಡಮೂಲಿಕೆ ಅಲ್ವಾ, ಏನಾಗುತ್ತೆ ಅಂತ ಕೇಳುವವರು ನನ್ನ ಹತ್ತಿರ ಬಹಳ ಜನ ಬರುತ್ತಾರೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಇದ್ದ ಮಾತ್ರೆ ತೆಗೆದುಕೊಂಡ ಅನೇಕ ಹೆಂಗಸರ ಕಿಡ್ನಿ ಹಾಳಾಯಿತು. ಅದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇರುವ ಗಿಡ ಸೇರಿತ್ತು. ಹೆ ಶೌ ವು ಅನ್ನುವ ಇನ್ನೊಂದು ಬೇರಿನಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಎಷ್ಟೋ ದಾಖಲಾಗಿವೆ. ಊರಿಂದ ಪಾರ್ಸೆಲ್ ಬರುವ ಪುಡಿ, ಲೇಹ್ಯ, ಅರಿಷ್ಟಕ್ಕೂ ಇದೇ ಮಾತು. ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಇನ್ನು ಸೂಜಿಯ ವಿಷಯ. ಸುಮಾ ಎಲ್ಲೋ ಓದಿದ್ದರು: "ಟ್ರಾನ್ಸ್‌ಫರ್ ದಿನ ಅಕ್ಯುಪಂಕ್ಚರ್ ಮಾಡಿಸಿದ್ರೆ ಚಾನ್ಸ್ ಡಬಲ್ ಆಗುತ್ತಂತೆ." ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2002ರಲ್ಲಿ ಜರ್ಮನಿಯ ಒಂದು ತಂಡ 160 ಹೆಂಗಸರ ಮೇಲೆ ಅಧ್ಯಯನ ಮಾಡಿತ್ತು. ಟ್ರಾನ್ಸ್‌ಫರ್‌ಗೆ ಮುಂಚೆ ಮತ್ತು ಆಮೇಲೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ 42.5 ಜನ ಗರ್ಭಿಣಿಯರಾದರು, ಹಾಕಿಸಿಕೊಳ್ಳದವರಲ್ಲಿ ಶೇ 26.3. ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ ಫಲ ಸೂಜಿಯದೋ, ಚಿಕಿತ್ಸೆ ಸಿಕ್ಕಿತು ಅನ್ನುವ ನಂಬಿಕೆಯದೋ ಅಂತ ಹೋಲಿಸಿ ನೋಡಲು ಅಲ್ಲಿ ಹುಸಿ ಸೂಜಿ ಇರಲಿಲ್ಲ. ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 848 ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್. ಇನ್ನೊಂದು ಗುಂಪಿಗೆ ಚರ್ಮಕ್ಕೆ ತಾಗುವ ಆದರೆ ಒಳಗೆ ಇಳಿಯದ ಹುಸಿ ಸೂಜಿ. ಮಗು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ 18.3, ಎರಡನೆಯದರಲ್ಲಿ ಶೇ 17.8. ಅಂದರೆ ಹೆಚ್ಚುಕಮ್ಮಿ ಒಂದೇ. ಚೀನಾದಲ್ಲೇ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ 1000 ಹೆಂಗಸರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೀಗೇ ಆಯಿತು. ಅಂಡಾಣು ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆ ಕೆಲಸ ಮಾಡಿತು. ಅಕ್ಯುಪಂಕ್ಚರ್ ಸೇರಿಸಿದ್ದರಿಂದ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ.

ಇದನ್ನೆಲ್ಲ ಹೇಳಿದರೆ ಅವರ ಆಸೆ ಮುರಿದ ಹಾಗಾಗುತ್ತದೆ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಅನುಭವ ಬೇರೆ. ಸುಮಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದ್ರೆ ಒಂದು ವಾರ ತಪ್ಪಿದ್ರೂ ಪರವಾಗಿಲ್ವಾ?" ಹಿಂದಿನ ವಾರ ಆಫೀಸ್ ಮೀಟಿಂಗ್‌ನಿಂದ ಒಂದು ಸೆಷನ್ ತಪ್ಪಿತ್ತಂತೆ. ಆವತ್ತಿನಿಂದಲೇ ನಿದ್ದೆ ಕೆಟ್ಟಿದ್ದು. ಇದರಿಂದ ಮಗು ಆಗುತ್ತದೆ ಅಂತ ನಂಬಿಸಿದವರು, ಇದು ತಪ್ಪಿದರೆ ಮಗು ಹೋಗುತ್ತದೆ ಎಂಬ ಭಯವನ್ನೂ ಅದರ ಜೊತೆಗೇ ಕೊಟ್ಟುಬಿಡುತ್ತಾರೆ. ಎಷ್ಟೋ ಹೆಂಗಸರು ಆ ಭಯ ಹೊತ್ತುಕೊಂಡು ಓಡಾಡುತ್ತಿರುವುದನ್ನು ನೋಡಿದ್ದೇನೆ.

ಹಾಗಂತ ಸೂಜಿ ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ. ಆ ಕೋಣೆಯಲ್ಲಿ ಏನಾಗುತ್ತೆ ಹೇಳಿ ಅಂತ ಕೇಳಿದೆ. ಕಾಲಿನ ಗಿಣ್ಣಿನ ಮೇಲೆ, ಮೊಣಕಾಲ ಕೆಳಗೆ, ಹೊಕ್ಕುಳ ಕೆಳಗೆ, ನೆತ್ತಿಯ ಮೇಲೆ ಕೂದಲಿನಷ್ಟು ತೆಳುವಾದ ಸೂಜಿ ಹಾಕುತ್ತಾರೆ. ಹೊಟ್ಟೆಯ ಮೇಲೆ ಬಿಸಿ ದೀಪ ತಿರುಗಿಸಿಡುತ್ತಾರೆ. ದೊಡ್ಡ ಲೈಟ್ ಆರಿಸಿ ಬಾಗಿಲು ಎಳೆದುಕೊಂಡು ಹೋಗುತ್ತಾರೆ. "ಆ ಅರ್ಧ ಗಂಟೆ ನನ್ನನ್ನ ಯಾರೂ ಏನೂ ಕೇಳಲ್ಲ ಮೇಡಂ. ಫೋನ್ ಹಿಡ್ಕೊಳೋಕೂ ಆಗಲ್ಲ." ಇದು ನಿಜವಾದ ಲಾಭ. ಇದಕ್ಕಾಗಿ ಹೋಗುವುದಾದರೆ ಖಂಡಿತ ಹೋಗಿ ಅಂದೆ. ಮಗುವಿಗಾಗಿ ಅಂತ ಅಲ್ಲ, ನಿಮಗಾಗಿ.

ಇಲ್ಲೇ ಇನ್ನೊಂದು ಗಂಟು ಬಿಡಿಸಬೇಕಿತ್ತು. "ಟೆನ್ಷನ್ ಮಾಡ್ಕೋತೀಯ, ಅದಕ್ಕೇ ನಿಲ್ತಿಲ್ಲ" ಅಂತ ಮನೆಯವರು, ಗೆಳತಿಯರು ಎಲ್ಲರೂ ಅಂದಿದ್ದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2011ರಲ್ಲಿ 14 ಅಧ್ಯಯನಗಳನ್ನು, ಒಟ್ಟು 3,583 ಹೆಂಗಸರ ವಿವರವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಚಿಕಿತ್ಸೆಗೆ ಮುಂಚಿನ ಆತಂಕ, ದುಃಖಕ್ಕೂ ಆ ಸಲ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಅಳು ಬಂದರೆ ಅಳಿ, ಅದರಿಂದ ಭ್ರೂಣಕ್ಕೆ ಏನೂ ಆಗಲ್ಲ ಅಂದೆ. ಆವತ್ತು ತುಂಬ ಹೊತ್ತು ಅತ್ತರು.

ಮೊಸರನ್ನಕ್ಕೂ ನೇರವಾಗಿಯೇ ಉತ್ತರ ಕೊಡಬೇಕಿತ್ತು. ತಣ್ಣನೆ ಅನ್ನ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಮೈಶಾಖಕ್ಕೆ ಬರುತ್ತದೆ, ಗರ್ಭಕೋಶಕ್ಕೆ ಆ ತಂಪು ತಲುಪುವುದಿಲ್ಲ. ಭ್ರೂಣ ನಿಲ್ಲದಿರಲು ಬಹಳ ಸಲ ಕಾರಣ ಭ್ರೂಣದ ಕ್ರೋಮೊಸೋಮುಗಳಲ್ಲೇ ಇರುವ ಏರುಪೇರು. ಹೆಣ್ಣಿನ ವಯಸ್ಸು ಏರಿದಂತೆ ಅದೂ ಹೆಚ್ಚುತ್ತದೆ. ಅದು ಯಾರ ಊಟದಿಂದಲೂ ಆಗುವುದಲ್ಲ. ಮುಂದಿನ ಸಲ ಗಿರೀಶ್ ಜೊತೆಗೆ ಬಂದಿದ್ದಾಗ ಈ ಮಾತು ಮತ್ತೆ ಬಂತು. ಅವರು ಮೆಲ್ಲಗೆ ಅಂದರು: "ಸುಮಾ, ನಮ್ಮ ಎರಡು ಭ್ರೂಣ ಮೈನಸ್ 196 ಡಿಗ್ರಿಯಲ್ಲಿ ಇಟ್ಟಿದಾರೆ ಕಣೇ. ಮೊಸರನ್ನಕ್ಕೆ ಹೆದರ್ತವಾ?" ಅವಳು ನಕ್ಕಿದ್ದನ್ನ ಎಷ್ಟೋ ದಿನಕ್ಕೆ ನೋಡ್ತಿದೀನಿ ಅಂತ ಆಮೇಲೆ ಗಿರೀಶ್ ಹೇಳಿದರು.

ಗಿರೀಶ್ ಬರುವವರೆಗೂ ಅವರ ಬಗ್ಗೆ ನನಗೆ ಸಿಕ್ಕಿದ್ದು ಒಂದೇ ಚಿತ್ರ: ಸಿನ್ಸೆ ಅಂದರೆ ಮೂಢನಂಬಿಕೆ ಅನ್ನುವ ಗಂಡ. ಆ ಒಂದು ಮಾತಿನಿಂದ ಸುಮಾ ಕ್ಲಿನಿಕ್ಕಿನ ವಿಷಯ ಮನೆಯಲ್ಲಿ ಎತ್ತುವುದನ್ನೇ ಬಿಟ್ಟಿದ್ದರು. ಒಂದು ಸಲಕ್ಕೆ ನೂರು ಡಾಲರ್ ಹತ್ತಿರ ಖರ್ಚು, ಅದೂ ಜಗಳಕ್ಕೆ ಕಾರಣ. ಆದರೆ ಪ್ರತಿ ವಾರ ಅವರೇ ಕರೆದುಕೊಂಡು ಹೋಗಿ ಕೆಳಗಿನ ಕಾಫಿ ಅಂಗಡಿಯಲ್ಲಿ ಕಾಯುತ್ತಾರೆ. ಯಾಕೆ ಮೇಲೆ ಹೋಗಲ್ಲ ಅಂತ ಕೇಳಿದೆ. "ನಂಗೆ ಯಾರೂ ಸೂಜಿ ಚುಚ್ಚಲ್ಲ, ಇಂಜೆಕ್ಷನ್ ಇಲ್ಲ, ಸ್ಕ್ಯಾನ್ ಇಲ್ಲ. ಅಲ್ಲಿ ಕೂರೋಕೆ ನಂಗೇನು ಹಕ್ಕಿದೆ ಅನ್ಸುತ್ತೆ" ಅಂದರು. ಸುಮಾ ತಿರುಗಿ ಅವರನ್ನೇ ನೋಡುತ್ತಿದ್ದರು.

ಅವರಿಗೆ ಎರಡು ಕೆಲಸ ಕೊಟ್ಟೆ. ಮೂಢನಂಬಿಕೆ ಅನ್ನುವ ಮಾತನ್ನು ಬಿಡುವುದು ಒಂದು. ಇನ್ನೊಂದು, ತಾಯಿಯ ಜೊತೆ ಮಾತಾಡುವ ಹೊಣೆ ಹೊರುವುದು. "ಅಮ್ಮ, ಊಟ ಎಲ್ಲಾ ಡಾಕ್ಟರ್ ಹೇಳಿದಂಗೆ ನಡೀತಿದೆ. ಎಳ್ಳು, ಪಪ್ಪಾಯಿ ವಿಷಯ ಇದ್ರೆ ನನ್ನ ಕೇಳು, ಸುಮಾನ ಕೇಳ್ಬೇಡ." ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ, ಮಗ ಹೇಳಿದರೆ ಸುದ್ದಿ ಆಗುತ್ತದೆ. ನಮ್ಮ ಮನೆಗಳು ಇರುವುದೇ ಹಾಗೆ. ಸಿಗರೇಟಿನ ವಿಷಯವೂ ಬಂತು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಇನ್ನೊಮ್ಮೆ ಅಂಡಾಣು ತೆಗೆಸುವ ಪ್ರಸಂಗ ಬಂದರೆ ಇವತ್ತು ಬಿಟ್ಟಿದ್ದು ಆಗ ಲೆಕ್ಕಕ್ಕೆ ಬರುತ್ತದೆ ಅಂದೆ. ತಲೆ ಆಡಿಸಿದರು.

ಕೊನೆಗೆ ಒಂದು ಹಾಳೆಯಲ್ಲಿ ಇಬ್ಬರೂ ಸೇರಿ ಬರೆದರು. ಸೂಜಿ ವಾರಕ್ಕೊಮ್ಮೆ, ತಪ್ಪಿದರೆ ತಪ್ಪಲಿ. ಇದಕ್ಕೆ ತಿಂಗಳಿಗೆ ಇಷ್ಟೇ ದುಡ್ಡು. ರಕ್ತಪರೀಕ್ಷೆಯ ಫಲಿತಾಂಶದ ಫೋನ್ ಗಿರೀಶ್‌ಗೆ ಬರಬೇಕು, ಸುಮಾ ಆಫೀಸಿನಲ್ಲಿ ಇರುವಾಗ ಅಲ್ಲ. ಫಲಿತಾಂಶ ಏನೇ ಬರಲಿ, ಒಂದು ತಿಂಗಳು ಯಾವ ಹೊಸ ಚಿಕಿತ್ಸೆಗೂ ಮುಂಗಡ ಕಟ್ಟುವುದಿಲ್ಲ. ಈ ಕೊನೆಯ ಸಾಲನ್ನು ನಾನೇ ಒತ್ತಾಯ ಮಾಡಿ ಬರೆಸಿದೆ. ಟ್ರಾನ್ಸ್‌ಫರ್ ಫೇಲಾದ ವಾರದಲ್ಲಿ ಮನುಷ್ಯರು ಯಾರು ಏನು ಹೇಳಿದರೂ ನಂಬುತ್ತಾರೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಎರಡನೇ ಟ್ರಾನ್ಸ್‌ಫರ್ ಏನಾಯಿತು ಅಂತ ಬೇಕೆಂದೇ ಬರೆಯುತ್ತಿಲ್ಲ. ಆಯಿತು ಅಂದರೆ ಸೂಜಿಯಿಂದ ಆಯಿತು ಅನ್ನುತ್ತೀರಿ, ಆಗಲಿಲ್ಲ ಅಂದರೆ ಕಷಾಯ ನಿಲ್ಲಿಸಿದ್ದಕ್ಕೆ ಅನ್ನುತ್ತೀರಿ. ಒಬ್ಬರ ಫಲಿತಾಂಶದಿಂದ ಎರಡನ್ನೂ ಹೇಳಲು ಬರುವುದಿಲ್ಲ. ಸುಮಾ ಈಗ ನಿದ್ದೆ ಮಾಡುತ್ತಾರೆ, ಅಷ್ಟನ್ನು ಹೇಳಬಲ್ಲೆ.

ನೀವೂ ಈ ದಾರಿಯಲ್ಲಿ ಹೋಗುವವರಿದ್ದರೆ ಮೊದಲು ನೋಂದಣಿ ನೋಡಿ. ಸಿಂಗಾಪುರದಲ್ಲಿ 2000ದ ಕಾನೂನಿನ ಪ್ರಕಾರ ಚೀನೀ ವೈದ್ಯರು ತಮ್ಮ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಹೆಸರು ಇದೆಯೋ ಇಲ್ಲವೋ ಯಾರು ಬೇಕಾದರೂ ನೋಡಬಹುದು. ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು. ಕೊಡುವ ಮೂಲಿಕೆಗಳ ಹೆಸರು ಬರೆದುಕೊಡಲು ಒಪ್ಪದವರ ಹತ್ತಿರ ಔಷಧಿ ತೆಗೆದುಕೊಳ್ಳಬೇಡಿ. ಮೈ ಸರಿಮಾಡಿಕೊಳ್ಳೋಣ, ಆರು ತಿಂಗಳು ಐವಿಎಫ್ ಮುಂದಕ್ಕೆ ಹಾಕಿ ಅಂತ ಯಾರಾದರೂ ಅಂದರೆ, ಒಪ್ಪುವ ಮುಂಚೆ ನಿಮ್ಮ ವಯಸ್ಸು ಮತ್ತು ಎಎಂಎಚ್ (ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಕೊಡುವ ರಕ್ತಪರೀಕ್ಷೆ) ರಿಪೋರ್ಟ್ ಇಟ್ಟುಕೊಂಡು ಐವಿಎಫ್ ಡಾಕ್ಟರ ಹತ್ತಿರ ಮಾತಾಡಿ. 28ರಲ್ಲಿ ಆರು ತಿಂಗಳು ಕಾಯಬಹುದೇನೋ. 38ರಲ್ಲಿ ಆ ಆರು ತಿಂಗಳು ಮತ್ತೆ ಸಿಗುವುದಿಲ್ಲ.